ಮೋಟು ಮೂತಿಯ ನಾಯಿಗೆ ಓಟ: ಎಷ್ಟು, ಯಾವಾಗ, ಎಲ್ಲಿ?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ನಾಯಿ ಇಲ್ಲದ ತೋಟದ ಮನೆ ಹುಡುಕಿದರೂ ಸಿಗುವುದು ಕಷ್ಟ. ಕಬ್ಬಿನ ಪಡದೊಳಗೆ ಹಂದಿ ಹೊಕ್ಕರೆ, ಬಾವಿಯ ಮೋಟರಿನ ಕೇಬಲ್ಲಿಗೆ ಯಾರಾದರೂ ಕೈ ಹಚ್ಚಿದರೆ, ರಾತ್ರಿ ಮೊದಲು ಎಚ್ಚರಾಗುವುದು ಅದೇ. ನಮ್ಮ ಹಿರಿಯರು ಸಾಕಿದ್ದು ಊರ ನಾಯಿ, ಕುರಿಗಾರರಿಂದ ತಂದ ನಾಯಿ, ಇಲ್ಲವೆ ಪಕ್ಕದ ಮುಧೋಳದ ಬೇಟೆ ನಾಯಿ. ಎಲ್ಲವೂ ಉದ್ದ ಮೂತಿಯವು. ಬಿಸಿಲಿಗೆ ಹೇಗಿರಬೇಕೆಂದು ಅವಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ.

ಈಗ ಹೊಸ ಪೈಕಿ ಬಂದಿದೆ. 2003ರಲ್ಲಿ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಹೋಗುವ ಪಗ್ ನಾಯಿಯನ್ನು ನಾಡೆಲ್ಲ ನೋಡಿತು. ಆಮೇಲೆ ಮೋಟು ಮೂತಿಯ ನಾಯಿ ಪಟ್ಟಣದಿಂದ ಹಳ್ಳಿಗೂ ಇಳಿಯಿತು. ಪುಣೆ, ಕೊಲ್ಹಾಪುರ, ಬೆಳಗಾವಿಯಲ್ಲಿ ನೌಕರಿ ಮಾಡುವ ಮಕ್ಕಳು ಮರಿ ತಂದು ತೋಟದ ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಅದರಲ್ಲಿ ಕಾವಲಿಗೆಂದು ಹೆಚ್ಚು ಇಷ್ಟವಾಗುವುದು ಬಾಕ್ಸರ್. ಜರ್ಮನಿಯಲ್ಲಿ 19ನೆಯ ಶತಮಾನದ ಕೊನೆಗೆ ರೂಪುಗೊಂಡ ತಳಿ ಇದು. ಬೆಳೆದ ಗಂಡು ಸುಮಾರು 30 ಕಿಲೋ ತೂಗುತ್ತದೆ. ಅಗಲ ಎದೆ, ಸಣ್ಣ ಕೂದಲು, ಮೊಂಡು ಮೂತಿ. ಮೂರು ವರ್ಷ ತುಂಬಿದರೂ ಮರಿಯಂತೆ ಜಿಗಿದಾಡುವ ಹುರುಪು.

ತೊಂದರೆ ಇರುವುದು ಈ ಹುರುಪಿನಲ್ಲೇ. ಮೈಯಲ್ಲಿ ಓಡುವ ಶಕ್ತಿ ಇದೆ, ಮೈ ತಣ್ಣಗಾಗಿಸುವ ಶಕ್ತಿ ಅಷ್ಟಿಲ್ಲ. "ನಾಯಿ ಅಂದ್ರ ಓಡಬೇಕ್ ಬಿಡ್ರಿ, ಅದಕ್ಕೇನಾಗ್ತೈತಿ" ಎನ್ನುವ ಮಾತು ಊರ ನಾಯಿಗೆ ಸರಿ. ಬಾಕ್ಸರ್, ಪಗ್, ಬುಲ್‌ಡಾಗ್ ಜಾತಿಗೆ ಈ ಮಾತು ಹಚ್ಚಿದರೆ ಅರ್ಧ ತಾಸಿನಲ್ಲಿ ಜೀವ ಹೋಗಬಹುದು. ಹಾಗೆಂದು ಕಟ್ಟಿಯೇ ಹಾಕಿದರೆ ಅದು ಕೊಬ್ಬು ಬೆಳೆಸಿಕೊಂಡು, ಸಿಕ್ಕಿದ್ದನ್ನು ಕಚ್ಚಿ ಹರಿದು, ಮತ್ತಷ್ಟು ರೋಗಿಯಾಗುತ್ತದೆ. ಓಟ ಬೇಕು, ಲೆಕ್ಕವೂ ಬೇಕು.

ಮೂಗಿನೊಳಗಿನ ಕೂಲರ್

ನಮಗೆ ಮೈಯೆಲ್ಲ ಬೆವರುತ್ತದೆ. ಬೆವರು ಆರುವಾಗ ಮೈ ತಂಪಾಗುತ್ತದೆ. ನಾಯಿಗೆ ಅಂಗಾಲಿನಲ್ಲಿ ಬಿಟ್ಟರೆ ಮೈ ತಂಪಾಗುವಷ್ಟು ಬೆವರಿಲ್ಲ. ಅದು ತೇಕುತ್ತದೆ. ಉದ್ದ ಮೂಗಿನೊಳಗೆ ಸುರುಳಿ ಸುರುಳಿಯಾದ ತೆಳು ಎಲುಬುಗಳಿದ್ದು, ಅವುಗಳ ಮೇಲೆ ಒದ್ದೆ ಪೊರೆ ಇರುತ್ತದೆ. ತೇಕುವಾಗ ಗಾಳಿ ಅದರ ಮೇಲೆ, ನಾಲಿಗೆಯ ಮೇಲೆ ಹಾಯ್ದು ನೀರು ಆರಿ ರಕ್ತ ತಣ್ಣಗಾಗುತ್ತದೆ. ಮನೆಯ ಕೂಲರಿನಲ್ಲಿ ಒದ್ದೆ ಹುಲ್ಲಿನ ಪಡದೆಯ ಮೂಲಕ ಗಾಳಿ ಹಾಯುವುದಿಲ್ಲವೇ, ಅದೇ ಲೆಕ್ಕ.

ಮೋಟು ಮೂತಿಯ ನಾಯಿಯಲ್ಲಿ ಎಲುಬು ಗಿಡ್ಡವಾಗಿದೆ, ಆದರೆ ಒಳಗಿನ ಮಾಂಸ ಅದೇ ಪ್ರಮಾಣದಲ್ಲಿ ಕಡಿಮೆಯಾಗಿಲ್ಲ. ಮೂಗಿನ ಹೊಳ್ಳೆ ಕಿರಿದು, ಅಂಗಳು ಉದ್ದವಾಗಿ ಗಂಟಲಿಗೆ ಇಳಿದಿರುತ್ತದೆ, ಗಾಳಿಯ ದಾರಿ ಇಕ್ಕಟ್ಟು. ಮಾಮೂಲಿ ಉಸಿರಿಗೇ ಅದು ಬಲ ಹಾಕಬೇಕು. ಓಡಿದಾಗ ಜೋರಾಗಿ ತೇಕುತ್ತದೆ. ಆ ಬಲದಿಂದ ಮೈ ಇನ್ನಷ್ಟು ಕಾಯುತ್ತದೆ. ಎಳೆದೆಳೆದು ಉಸಿರಾಡಿ ಗಂಟಲು ಬಾತು ದಾರಿ ಮತ್ತೂ ಕಿರಿದಾಗುತ್ತದೆ. ಒಮ್ಮೆ ಈ ಸುತ್ತಿಗೆ ಸಿಕ್ಕರೆ ನಾಯಿ ತಾನಾಗಿ ಹೊರಬರುವುದು ಕಷ್ಟ. ಪಗ್, ಬುಲ್‌ಡಾಗ್‌ಗಿಂತ ಬಾಕ್ಸರಿನ ಮೂತಿ ಸ್ವಲ್ಪ ಉದ್ದ, ಹಾಗಾಗಿ ಅದರ ಪಾಡು ಅಷ್ಟು ಕೆಟ್ಟದ್ದಲ್ಲ. ಆದರೆ ದಣಿವಾದರೂ ಆಟ ನಿಲ್ಲಿಸದ ಸ್ವಭಾವ ಅದರದು. ನಿಲ್ಲಿಸುವ ಕೆಲಸ ನಮ್ಮದೇ.

ಇನ್ನೊಂದು ಮಾತು. ತೇಕುವುದು ಕೆಲಸ ಮಾಡಬೇಕಾದರೆ ಗಾಳಿ ಒಣಗಿರಬೇಕು. ಗಾಳಿಯಲ್ಲಿ ತೇವ ತುಂಬಿದ್ದರೆ ನಾಲಿಗೆಯ ನೀರು ಆರುವುದಿಲ್ಲ. ನೀರು ಬಿಟ್ಟ ಕಬ್ಬಿನ ಸಾಲುಗಳ ನಡುವೆ ಹೊಕ್ಕವರಿಗೆ ಇದು ಗೊತ್ತು. ಹೊರಗೆ ತಂಪಿದ್ದರೂ ಒಳಗೆ ಧಗೆ, ಗಾಳಿ ಆಡುವುದಿಲ್ಲ. ಮಳೆ ನಿಂತ ಸಪ್ಟೆಂಬರ್-ಅಕ್ಟೋಬರಿನಲ್ಲಿ ಹಂದಿ ಬೆನ್ನಟ್ಟಿ ಆಳೆತ್ತರದ ಕಬ್ಬಿನೊಳಗೆ ನುಗ್ಗಿದ ಬಾಕ್ಸರಿಗೆ ಮೇ ತಿಂಗಳ ಬಿಸಿಲಿನಷ್ಟೇ ಅಪಾಯ.

ಮುಧೋಳ ನಾಯಿಗೂ ಮಿತಿ ಇದೆ

ನಮ್ಮ ನೆರೆಯ ಮುಧೋಳದ ನಾಯಿಯನ್ನು ಇದರ ಪಕ್ಕ ನಿಲ್ಲಿಸಿ ನೋಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಉದ್ದ ತಲೆ, ಆಳವಾದ ಎದೆ, ಕೊಬ್ಬಿಲ್ಲದ ಮೈ, ತೆಳು ಚರ್ಮ. ಈ ಬಿಸಿಲಿನ ಬಯಲಿಗೇ ಬೆಳೆದು ಬಂದ ಜಾತಿ. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ಹೊರಡಿಸಿತು. 2016ರಲ್ಲಿ ಸೈನ್ಯದವರು ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದರು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೇ ಇದೆ.

ಆದರೂ ಉದ್ದ ಮೂತಿ ಇದ್ದರೆ ಏನೂ ಆಗದು ಎಂದು ತಿಳಿಯಬಾರದು. ಬ್ರಿಟನ್ನಿನಲ್ಲಿ 2016ರ ಒಂದು ವರ್ಷ ಪಶುವೈದ್ಯರ ಬಳಿ ಬಂದ 9 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ತೆಗೆದು ಅಲ್ಲಿನ ಸಂಶೋಧಕರು ಲೆಕ್ಕ ಹಾಕಿ 2020ರಲ್ಲಿ ಪ್ರಕಟಿಸಿದರು. ಝಳ ಹೊಡೆದ ನಾಯಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ಓಟ, ನಡಿಗೆ, ಆಟ. ಮುಚ್ಚಿದ ಕಾರಿನಲ್ಲಿ ಬಿಟ್ಟು ಸತ್ತದ್ದು ಅದಕ್ಕಿಂತ ಬಹಳ ಕಡಿಮೆ. ಬುಲ್‌ಡಾಗ್, ಪಗ್ ಮೊದಲಾದ ಮೋಟು ಮೂತಿಯವು ಹೆಚ್ಚು ಅಪಾಯದ ಪಟ್ಟಿಯಲ್ಲಿದ್ದವು, ಜೊತೆಗೆ ಗ್ರೇಹೌಂಡ್ ಕೂಡ ಇತ್ತು. ಗ್ರೇಹೌಂಡ್ ಎಂದರೆ ನಮ್ಮ ಮುಧೋಳದ ಪೈಕಿಯೇ, ಒಂದೇ ಏಟಿಗೆ ಜೀವ ಬಿಟ್ಟು ಓಡುವ ಜಾತಿ. ಬ್ರಿಟನ್ನಿನಂಥ ತಣ್ಣನೆಯ ದೇಶದಲ್ಲೇ ಹೀಗಾದರೆ 40 ಡಿಗ್ರಿ ಮುಟ್ಟುವ ನಮ್ಮ ಬಯಲಿನ ಮಾತೇನು?

ಹೊತ್ತು ನೋಡಿ ಹೊರಡಿ

ಮಾರ್ಚಿನಿಂದ ಮಳೆ ಬೀಳುವವರೆಗೆ ಬೆಳಿಗ್ಗೆ ಐದೂವರೆಯಿಂದ ಏಳರೊಳಗೆ ಕೆಲಸ ಮುಗಿಯಬೇಕು. ಸಂಜೆ ಹೊತ್ತು ಮುಳುಗಿದ ಕೂಡಲೇ ಹೊರಡಬಾರದು. ನಮ್ಮ ಎರೆ ಮಣ್ಣು, ಡಾಂಬರು, ಗೋಕಾಕದ ಗುಡ್ಡದ ಕಲ್ಲು ಹಗಲೆಲ್ಲ ಕುಡಿದ ಕಾವನ್ನು ಕತ್ತಲಾದ ಮೇಲೂ ಬಿಡುತ್ತಿರುತ್ತವೆ. ನಾಯಿಯ ಹೊಟ್ಟೆ ನೆಲಕ್ಕೆ ನಮಗಿಂತ ಎಷ್ಟು ಹತ್ತಿರ ನೋಡಿ. ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳರವರೆಗೆ ಎಣಿಸಿ. ಕೈ ತಡೆಯದಿದ್ದರೆ ನಾಯಿಯ ಕಾಲೂ ತಡೆಯುವುದಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ, ಗಾಳಿ ಇದ್ದ ದಿನ ಚಿಂತೆ ಕಡಿಮೆ. ಗಾಳಿ ನಿಂತು ಬೆವರು ಸುರಿಯುವ ದಿನ, ಮೋಡ ಇದ್ದರೂ ಬರೇ ನಡಿಗೆ ಸಾಕು. ಅಕ್ಟೋಬರಿನ ಬಿಸಿಲನ್ನು ಬೇಸಿಗೆಯಂತೆಯೇ ಲೆಕ್ಕ ಹಿಡಿಯಬೇಕು.

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಹುರುಪಿನ ನಾಯಿಗೆ ಮನಸೋ ಇಚ್ಛೆ ಆಡಲು ಕೊಡಬಹುದು. ಆದರೆ ಅದೇ ಕಾಲಕ್ಕೆ ಕಾರ್ಖಾನೆಗಳು ಶುರುವಾಗಿರುತ್ತವೆ. ಸಂಕೇಶ್ವರದ ಕಡೆ ಇರಲಿ, ಗೋಕಾಕದ ಕಡೆ ಇರಲಿ, ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು, ಎರಡೆರಡು ಟ್ರೇಲರು, ಮೇಲೆ ಟೇಪಿನ ಅಬ್ಬರ. ರಸ್ತೆ ದಾಟುವವರೆಗೂ ಹಗ್ಗ ಬಿಡಬೇಡಿ.

ದಿನದ ಲೆಕ್ಕ

ಆರೋಗ್ಯವಂತ ಬೆಳೆದ ಬಾಕ್ಸರಿಗೆ ತಂಪು ಹೊತ್ತಿನಲ್ಲಿ ದಿನಕ್ಕೆ ಎರಡು ಸಾರಿ, ಒಂದೊಂದು ಸಾರಿ 30ರಿಂದ 40 ನಿಮಿಷ ಸಾಕು. ಈ ಲೆಕ್ಕ ಪಗ್‌ಗೆ, ಬುಲ್‌ಡಾಗ್‌ಗೆ ಹಚ್ಚಬೇಡಿ. ಅವಕ್ಕೆ ನಿಧಾನದ ಸಣ್ಣ ಸುತ್ತು ಮಾತ್ರ.

ಮೊದಲ ಹತ್ತು ನಿಮಿಷ ಹಗ್ಗ ಹಿಡಿದು ಒಡ್ಡಿನ ಮೇಲೆ ನಡಿಗೆ. ಆಮೇಲೆ ಎರಡು-ಮೂರು ನಿಮಿಷ ಓಟ ಇಲ್ಲವೆ ಚೆಂಡಾಟ, ಅದರ ಎರಡರಷ್ಟು ಹೊತ್ತು ವಿಶ್ರಾಂತಿ. ತೇಕುವುದು ಇಳಿದ ಮೇಲೇ ಮುಂದಿನ ಓಟ. ಕೊನೆಗೆ ಮತ್ತೆ ನಿಧಾನ ನಡಿಗೆ. ನಡುನಡುವೆ ನಾಲ್ಕು ಗುಟುಕು ನೀರು. ಬಿಸಿಲಿಲ್ಲದೆ ಕಳೆದ ಚಳಿಗಾಲದ ನಂತರ ಮೊದಲ ಬಿಸಿಲು ಬಿದ್ದಾಗ ಕೆಲಸ ಅರ್ಧಕ್ಕಿಳಿಸಿ, ಎರಡು-ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪ ಏರಿಸಿ. ಮೈ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು.

ಬೈಕಿಗೆ ಕಟ್ಟಿ ಓಡಿಸುವ ಚಾಳಿ ನಮ್ಮಲ್ಲಿದೆ. ಮೋಟು ಮೂತಿಯ ನಾಯಿಗೆ ಇದು ಬೇಡವೇ ಬೇಡ. ವೇಗ ಗೊತ್ತು ಮಾಡುವುದು ಎಕ್ಸಿಲೇಟರು, ನಾಯಿಯ ಉಸಿರಲ್ಲ. ಹಿಂದೆ ತಿರುಗಿ ನೋಡುವಷ್ಟರಲ್ಲಿ ಅದು ಕಾಲೆಳೆಯುತ್ತಿರುತ್ತದೆ.

ಕೊರಳ ಪಟ್ಟಿ ಗಂಟಲನ್ನು ಒತ್ತುತ್ತದೆ, ಮೊದಲೇ ಇಕ್ಕಟ್ಟಾದ ದಾರಿ ಇನ್ನೂ ಮುಚ್ಚುತ್ತದೆ. ಎದೆಪಟ್ಟಿ ಹಾಕಿ. ಅಂಗಡಿಯದೇ ಆಗಬೇಕೆಂದಿಲ್ಲ, ಹೊರಸಿಗೆ ಹೆಣೆಯುವ ನವಾರಿನ ಪಟ್ಟಿಯಲ್ಲಿ ಚಮ್ಮಾರರು ಹೊಲಿದು ಕೊಡುತ್ತಾರೆ. ಕಂಕುಳಿಗೆ ತಿಕ್ಕದಂತೆ, ಕುತ್ತಿಗೆಗೆ ಏರದಂತೆ ನೋಡಿಕೊಂಡರಾಯಿತು. ಬಾಯಿಗೆ ಬಟ್ಟೆ, ಪಟ್ಟಿ ಬಿಗಿದು ಓಡಿಸಲೇಬಾರದು, ತೇಕಲಾಗದೆ ಸಾಯುತ್ತದೆ.

ಊಟ ಮಾಡಿದ ಮೇಲೆ ಎರಡು ತಾಸು ಓಟ ಬೇಡ. ಎದೆ ಆಳವಾದ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ರೋಗ ಇದೆ, ಬಾಕ್ಸರಿನಲ್ಲೂ ಮುಧೋಳದಲ್ಲೂ. ಹೊಟ್ಟೆ ನಗಾರಿಯಂತೆ ಬಿಗಿದು, ವಾಂತಿ ಮಾಡಲು ಹೋಗಿ ಏನೂ ಬರದಿದ್ದರೆ ಒಂದು ಗಳಿಗೆಯೂ ಕಾಯದೆ ಡಾಕ್ಟರ ಹತ್ತಿರ ಒಯ್ಯಬೇಕು.

ವರ್ಷ ತುಂಬದ ಮರಿಯನ್ನು ನಮ್ಮ ಸರಿಸಮ ಓಡಿಸಬಾರದು, ಎಲುಬಿನ ಕೀಲು ಇನ್ನೂ ಗಟ್ಟಿಯಾಗಿರುವುದಿಲ್ಲ. ತಾನಾಗಿ ಆಡಲಿ, ಮಲಗಲಿ.

ಓಟವಿಲ್ಲದೆಯೂ ನಾಯಿ ದಣಿಸುವ ಉಪಾಯ ಒಂದಿದೆ, ಖರ್ಚಿಲ್ಲ. ನೆರಳಿನಲ್ಲಿ ಒಂದು ಹಾಸು ರವದಿ ಹರಡಿ, ಜೋಳದ ರೊಟ್ಟಿಯ ಹತ್ತು ಚೂರು ಬಚ್ಚಿಟ್ಟು "ಹುಡುಕು" ಎನ್ನಿ. ಮೂಸಿ ಮೂಸಿ ಹುಡುಕುವುದರಲ್ಲಿ ಕಾಲು ತಾಸು ಕಳೆಯುತ್ತದೆ, ಆಮೇಲೆ ನಾಯಿ ತೆಪ್ಪಗೆ ಮಲಗುತ್ತದೆ. ಮೇ ತಿಂಗಳಲ್ಲಿ ಸಂಜೆಯ ಓಟದ ಬದಲು ಇದನ್ನೇ ಮಾಡಿಸಬಹುದು. ಮಕ್ಕಳಿಗೂ ಇದು ಒಳ್ಳೆಯ ಆಟ.

ಮೂರು ನಿಮಿಷದ ಪರೀಕ್ಷೆ

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಪಶುವೈದ್ಯರು ಪಗ್, ಬುಲ್‌ಡಾಗ್ ಜಾತಿಗಳ ಉಸಿರು ಅಳೆಯಲು ಒಂದು ಸರಳ ಪರೀಕ್ಷೆ ರೂಢಿಗೆ ತಂದಿದ್ದಾರೆ. ನಾಯಿ ಸುಮ್ಮನಿರುವಾಗ ಗಂಟಲ ಸಪ್ಪಳ ಕೇಳುವುದು, ಮೂರು ನಿಮಿಷ ದುಡುದುಡು ಓಡಿಸುವುದು, ಮತ್ತೆ ಕೇಳುವುದು. ಅದರ ಮೇಲೆ ಸೊನ್ನೆಯಿಂದ ಮೂರರವರೆಗೆ ದರ್ಜೆ. ಅವರು ಕೇಳುವುದು ಸ್ಟೆತಾಸ್ಕೋಪಿನಿಂದ. ನಾವು ತಂಪು ಹೊತ್ತಿನಲ್ಲಿ ಕಿವಿಯಿಂದಲೇ ಅಷ್ಟಿಷ್ಟು ತಿಳಿಯಬಹುದು. ಓಡುವ ಮೊದಲೇ ಗೊರಗೊರ ಎನ್ನುತ್ತಿದ್ದರೆ, ಇಲ್ಲವೆ ಮೂರು ನಿಮಿಷದ ನಂತರ ಗರಗಸ ಎಳೆದ ಹಾಗೆ ಸಪ್ಪಳ ಬಂದು ಬಹಳ ಹೊತ್ತು ನಿಲ್ಲದಿದ್ದರೆ, ಆ ನಾಯಿಗೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. "ಈ ಜಾತಿನ ಹಂಗ, ಗೊರಕಿ ಹೊಡಿತಾವ" ಎಂದು ಬಿಡುವುದು ತಪ್ಪು. ಹೊಳ್ಳೆ ಅಗಲಿಸುವ, ಅಂಗಳು ಗಿಡ್ಡ ಮಾಡುವ ಶಸ್ತ್ರಚಿಕಿತ್ಸೆ ಇದೆ. ದೊಡ್ಡ ಊರಿನ ಪ್ರಾಣಿ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು.

ಬಾಕ್ಸರಿಗೆ ಇನ್ನೊಂದು ವಿಶೇಷ ಎಚ್ಚರಿಕೆ. ಈ ತಳಿಯಲ್ಲಿ ವಂಶದಿಂದ ಬರುವ ಹೃದಯ ರೋಗ ಉಂಟು. ಬಡಿತ ತಪ್ಪಿ, ಆಡುತ್ತಾಡುತ್ತ ದಿಢೀರ್ ಬಿದ್ದು, ಅರೆ ನಿಮಿಷದಲ್ಲಿ ಎದ್ದು ಏನೂ ಆಗದಂತೆ ಬಾಲ ಅಲ್ಲಾಡಿಸುತ್ತದೆ. ತಂಪು ಹೊತ್ತಿನಲ್ಲೂ ಹೀಗೆ ಬಿದ್ದರೆ ಅದನ್ನು ಬಿಸಿಲಿನ ಮೇಲೆ ಹಾಕಬೇಡಿ. ಹೃದಯ ತಪಾಸಣೆ ಆಗುವವರೆಗೆ ಓಟ ಬಂದ್.

ತೋಟದಲ್ಲಿ ಕಾದಿರುವ ಅಪಾಯಗಳು

ಮೊದಲನೆಯದು ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ನೀರು ಕುಡಿಯಲು ಇಳಿದ ನಾಯಿಗೆ ಮೇಲೆ ಹತ್ತಲಾಗುವುದಿಲ್ಲ, ಉಗುರು ಜಾರುತ್ತದೆ. ಎದೆ ಭಾರ, ಮೂತಿ ಗಿಡ್ಡ, ಮೂಗು ನೀರ ಮೇಲೆ ಇಡಬೇಕಾದರೆ ತಲೆ ಪೂರ್ತಿ ಎತ್ತಬೇಕು. ಬಾಕ್ಸರ್ ಬಲು ಬೇಗ ಸೋಲುತ್ತದೆ, ಬುಲ್‌ಡಾಗ್ ಅಂತೂ ಮುಳುಗಿಯೇ ಬಿಡುತ್ತದೆ. ಸುತ್ತ ಬೇಲಿ ಹಾಕುವುದು ಮೊದಲ ಕೆಲಸ, ಮಕ್ಕಳ ಸಲುವಾಗಿಯೂ. ಜೊತೆಗೆ ನಾಲ್ಕೂ ಬದಿಗೆ ಗೂಟಕ್ಕೆ ಕಟ್ಟಿದ ಹಳೆಯ ಟೈರಿನ ಸಾಲು ನೀರಿನವರೆಗೆ ಇಳಿಬಿಟ್ಟರೆ ಬಿದ್ದದ್ದಕ್ಕೆ ಹತ್ತಲು ಆಸರೆ. ಹಿಡಕಲ್ ಅಣೆಕಟ್ಟಿನಿಂದ ಬರುವ ಘಟಪ್ರಭಾ ಕಾಲುವೆಯಲ್ಲಿ ನೀರು ಬಿಟ್ಟಾಗ ಕಾಂಕ್ರೀಟಿನ ದಂಡೆಯೂ ಹಾಗೆಯೇ ಜಾರು. ನಾಯಿಯನ್ನು ತೊಳೆಯುವುದಿದ್ದರೆ ಪೈಪಿನಿಂದ ತೊಳೆಯಿರಿ.

ಎರಡನೆಯದು ಕಬ್ಬಿನ ಗರಿ. ಮೋಟು ಮೂತಿಯ ನಾಯಿಯ ಕಣ್ಣು ಮುಂದೆ ಚಾಚಿರುತ್ತದೆ, ಅದಕ್ಕೆ ಮೂಗಿನ ಆಸರೆ ಇಲ್ಲ. ಗರಿಯ ಅಂಚು ಗರಗಸದಂತೆ ಕಣ್ಣು ಗುಡ್ಡೆ ಸೀಳುತ್ತದೆ. ನಾಯಿ ಒಂದು ಕಣ್ಣು ಮುಚ್ಚಿ ನೀರು ಸುರಿಸುತ್ತಿದ್ದರೆ ಅಂದೇ ತೋರಿಸಬೇಕು. ಮನೆಯಲ್ಲಿದ್ದ ಹಳೆಯ ಕಣ್ಣಿನ ಹನಿ ಹಾಕಬಾರದು. ಕೆಲವು ಹನಿಗಳಲ್ಲಿ ಇರುವ ಸ್ಟಿರಾಯ್ಡು ಗಾಯವನ್ನು ತೂತು ಮಾಡಿಬಿಡುತ್ತದೆ.

ಮೂರನೆಯದು ಹೊಗೆ. ರವದಿ ಸುಡುವ ದಿನ ಇಕ್ಕಟ್ಟಿನ ಗಂಟಲಿಗೆ ಹೊಗೆ ವಿಷ. ಸುಡದೆ ಮುಚ್ಚಿಗೆ ಮಾಡಿದರೆ ನೆಲಕ್ಕೂ ಹಿತ, ನಾಯಿಗೂ ಹಿತ.

ಮೊಲದ ಹಿಂದೆ ಬಿಡುವ ಹವ್ಯಾಸದವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮೊಲದ ಬೇಟೆ ಅಪರಾಧ. ಬಾಕ್ಸರ್ ಮೊಲ ಹಿಡಿಯುವುದೂ ಇಲ್ಲ, ಅದರ ಬೆನ್ನು ಹತ್ತಿ ತಾನೇ ಬೀಳುತ್ತದೆ.

ಝಳ ಹೊಡೆದರೆ

ನಾಯಿಯ ಮಾಮೂಲಿ ಕಾವು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106ರ ಸುತ್ತ ಮುತ್ತ ಏರಿದರೆ ಒಳಗಿನ ಅಂಗಾಂಗ ಕೆಡತೊಡಗುತ್ತವೆ. ಮೊದಲ ಗುರುತುಗಳು ಇವು: ನೆರಳಿಗೆ ಬಂದರೂ ಇಳಿಯದ ತೇಕು, ತುದಿ ಅಗಲವಾಗಿ ಜೋತುಬಿದ್ದ ನಾಲಿಗೆ, ಕಡುಕೆಂಪು ವಸಡು, ಅಂಟು ಜೊಲ್ಲು, ಹಿಂದೆ ಬೀಳುವುದು, ನೆರಳು ಹುಡುಕುವುದು. ಇಲ್ಲಿಗೇ ನಿಲ್ಲಿಸಿದರೆ ಬದುಕುತ್ತದೆ. ಹೆಜ್ಜೆ ತಪ್ಪುವುದು, ವಾಂತಿ, ರಕ್ತಭೇದಿ, ನಾಲಿಗೆ ನೀಲಿಯಾಗುವುದು, ಬೀಳುವುದು, ಇವು ಕೊನೆಯ ಹಂತದವು.

ಆಗ ಮಾಡಬೇಕಾದ್ದು ಒಂದೇ: ಮೊದಲು ತಂಪು ಮಾಡಿ, ಆಮೇಲೆ ಗಾಡಿ ಹತ್ತಿಸಿ.

ನೆರಳಿಗೆ ತನ್ನಿ, ಪಟ್ಟಿ ಬಿಚ್ಚಿ. ಬೋರಿನ ನೀರು, ತೊಟ್ಟಿಯ ನೀರು, ಯಾವುದು ಹತ್ತಿರವೋ ಅದನ್ನು ಮೈತುಂಬ ಸುರಿಯುತ್ತಲೇ ಇರಿ. ಕೂದಲ ಬುಡಕ್ಕೆ, ಹೊಟ್ಟೆಗೆ, ತೊಡೆಸಂದಿಗೆ ಇಳಿಯಲಿ. ಫ್ಯಾನಿನಿಂದಲೋ ಮೊರದಿಂದಲೋ ಗಾಳಿ ಹಾಕಿ. "ಕಾದ ಮೈಗೆ ತಣ್ಣೀರು ಹಾಕಬಾರದು" ಎಂಬ ಹಳೆಯ ಮಾತನ್ನು ಈಗಿನ ಪಶುವೈದ್ಯರು ಒಪ್ಪುವುದಿಲ್ಲ. ತಡ ಮಾಡುವುದೇ ಹೆಚ್ಚು ಕೊಲ್ಲುತ್ತದೆ. ಆದರೆ ಮೂಗು ಬಾಯಿಗೆ ನೀರು ಹೋಗದಂತೆ ತಲೆ ಎತ್ತಿ ಹಿಡಿಯಿರಿ.

ಒದ್ದೆ ಚೀಲ ಹೊದಿಸಿ ಬಿಡಬೇಡಿ. ಸ್ವಲ್ಪ ಹೊತ್ತಿನಲ್ಲೇ ಅದು ಕಾದು ಕಂಬಳಿಯಾಗುತ್ತದೆ. ಎಚ್ಚರ ಇದ್ದು ತಾನೇ ಕುಡಿದರೆ ನೀರಿಡಿ. ಬಿದ್ದ ನಾಯಿಯ ಬಾಯಿಗೆ ನೀರು, ಮಜ್ಜಿಗೆ ಹೊಯ್ದರೆ ಶ್ವಾಸಕ್ಕೆ ಇಳಿಯುತ್ತದೆ. ಜ್ವರದ ಗುಳಿಗೆ ಕೊಡಲೇಬೇಡಿ. ಇದು ಜ್ವರ ಅಲ್ಲ, ಪ್ಯಾರಾಸಿಟಮಾಲ್ ನಾಯಿಯ ಯಕೃತ್ತಿಗೆ ಪೆಟ್ಟು.

ಗುದದಲ್ಲಿ ಇಟ್ಟ ಥರ್ಮಾಮೀಟರು 103ಕ್ಕೆ ಇಳಿದಾಗ ನೀರು ನಿಲ್ಲಿಸಿ, ಇಲ್ಲದಿದ್ದರೆ ಅತಿ ತಂಪಾದೀತು. ಥರ್ಮಾಮೀಟರು ಇಲ್ಲದಿದ್ದರೆ ತೇಕು ಇಳಿದು ತಲೆ ಎತ್ತುವವರೆಗೆ ಸುರಿಯಿರಿ. ಆಮೇಲೆ ಡಾಕ್ಟರಿಗೆ ಫೋನು ಮಾಡಿ ಹೊರಡಿ. ಗಾಡಿಯ ಕಿಟಕಿ ತೆರೆದಿರಲಿ, ಮೈ ಒದ್ದೆ ಇರಲಿ. ನಾಯಿ ಎದ್ದು ಓಡಾಡಿದರೂ ತೋರಿಸುವುದು ತಪ್ಪಿಸಬೇಡಿ. ಮೂತ್ರಪಿಂಡ ಕೆಡುವುದು, ರಕ್ತ ಹೆಪ್ಪುಗಟ್ಟದಿರುವುದು ಒಂದೆರಡು ದಿನ ತಡವಾಗಿ ಕಾಣಿಸುತ್ತದೆ.

ಕೊಳ್ಳುವ ಮುಂಚೆ

ನೆದರ್‌ಲ್ಯಾಂಡ್ ದೇಶದಲ್ಲಿ 2019ರಿಂದ ಮೂತಿಯ ಉದ್ದ ತಲೆಬುರುಡೆಯ ಉದ್ದದ ಮೂರರಲ್ಲೊಂದಕ್ಕಿಂತ ಕಡಿಮೆ ಇರುವ ನಾಯಿಯಿಂದ ಮರಿ ಮಾಡಿಸುವಂತಿಲ್ಲ. ಈ ಅಳತೆ ನಾವೂ ಬಳಸಬಹುದು. ಮರಿಯ ತಾಯಿ-ತಂದೆಯನ್ನು ನೋಡಲು ಕೇಳಿ. ಮೂಗಿನ ತುದಿಯಿಂದ ಕಣ್ಣುಗಳ ನಡುವಿನ ತಗ್ಗಿನವರೆಗೆ, ಅಲ್ಲಿಂದ ತಲೆಯ ಹಿಂದಿನ ಉಬ್ಬಿನವರೆಗೆ, ಎರಡನ್ನೂ ಬೆರಳಿನಿಂದ ಅಳೆಯಿರಿ. ಮೊದಲನೆಯದು ಎರಡನೆಯದರ ಅರ್ಧದಷ್ಟಿದ್ದರೆ ಒಳ್ಳೆಯದು, ಮೂರರಲ್ಲೊಂದು ಪಾಲಿಗಿಂತ ಕಡಿಮೆ ಇದ್ದರೆ ಬಿಟ್ಟು ಬನ್ನಿ. ಹೊಳ್ಳೆ ಸೀಳಿನಂತಿರದೆ ದುಂಡಗೆ ತೆರೆದಿರಲಿ. ತಾಯಿ-ತಂದೆ ಸುಮ್ಮನೆ ಕುಳಿತಾಗ ಉಸಿರಿನ ಸಪ್ಪಳ ಕೇಳಬಾರದು.

ಹಗಲೆಲ್ಲ ಹೊಲದಲ್ಲಿ ನಮ್ಮ ಜೊತೆ ಇರುವ ನಾಯಿ ಬೇಕೆನ್ನುವವರು ಮೋಟು ಮೂತಿಯದನ್ನು ತರುವುದೇ ಬೇಡ. ಊರ ನಾಯಿಯ ಮರಿಗೆ ಲಸಿಕೆ ಹಾಕಿಸಿ, ಹೊಟ್ಟೆ ತುಂಬ ಹಾಕಿ ಸಾಕಿದರೆ ಅದಕ್ಕಿಂತ ಒಳ್ಳೆಯ ಕಾವಲುಗಾರ ಇಲ್ಲ. ಈಗಾಗಲೇ ಬಾಕ್ಸರ್ ತಂದವರು ಮಧ್ಯಾಹ್ನ ಅದನ್ನು ತಗಡಿನ ಶೆಡ್ಡಿನಲ್ಲಿ ಕಟ್ಟದೆ ಮರದ ಬುಡದ ನೆರಳಲ್ಲಿ, ಒದ್ದೆ ಮಣ್ಣಿನ ಮೇಲೆ, ನೀರಿನ ಡಬರಿಯ ಹತ್ತಿರ ಇರಿಸಲಿ. ಬೆಳಗಿನ ಜಾವ ಎದ್ದು ನೀರು ಹಾಯಿಸಲು ಹೋಗುವ ಹೊತ್ತು ನಮಗೆ ಇದ್ದೇ ಇದೆ. ಅದೇ ಹೊತ್ತಿಗೆ ನಾಯಿಯೂ ಬರಲಿ, ಏಳು ಹೊಡೆಯುವುದರೊಳಗೆ ಮನೆ ಸೇರಲಿ.